ಬಾಗಿಲು ಹಾಕಿದ ಮೇಲೆ ಎಂತ ಹೇಳುದು? ಒಬ್ಬರೇ ಕೂತು ಮಾಡುವ ಪ್ರಾರ್ಥನೆಯ ಬಗ್ಗೆ

ಒಟ್ಟಿಗೆ ಸೇರಿ ಪ್ರಾರ್ಥನೆ ಮಾಡುದನ್ನು ಮಂಗಳೂರಿನ ಕ್ರೈಸ್ತರಿಗೆ ಯಾರೂ ಹೇಳಿಕೊಡಬೇಕಂತಿಲ್ಲ. ಕಥೋಲಿಕ್ ಮನೆಗಳಲ್ಲಿ ಸಂಜೆ ಆಮೋರಿ ಗಂಟೆ (ಇಗರ್ಜಿಯ ಸಂಜೆ ಪ್ರಾರ್ಥನೆಯ ಗಂಟೆ) ಆದ್ಮೇಲೆ ತೆರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ ಉಂಟು, ತೆರ್ಸ್ ಮುಗಿದ ಕೂಡ್ಲೆ ಮಕ್ಕಳು ಹಿರಿಯರ ಹತ್ರ ಬೆಸಾಂವ್ (ಆಶೀರ್ವಾದ) ಕೇಳುದುಂಟು, ಸೆಪ್ಟೆಂಬರ್ 8ಕ್ಕೆ ಬರುವ ಮಾತೆ ಮರಿಯಳ ಮೊಂತಿ ಹಬ್ಬಕ್ಕೆ ಮೊದಲು ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಉಂಟು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್ ಸಭೆ) ಕಡೆಯವರಿಗೆ ಭಾನುವಾರದ ಆರಾಧನೆ, ವಾರದ ಮಧ್ಯೆ ಯಾರದ್ದಾದ್ರೂ ಮನೆಯಲ್ಲಿ ಪ್ರೇಯರ್ ಮೀಟಿಂಗ್, ಅದು ಮುಗಿದ ಮೇಲೆ ಚಾ. ಇದೆಲ್ಲ ಒಳ್ಳೇದೇ, ನಾನು ಬೆಳೆದದ್ದೇ ಇದರ ಮಧ್ಯೆ. ಆದ್ರೆ ಯೂತ್ ಗ್ರೂಪಿನ ಮಕ್ಕಳ ಹತ್ರ ಆಗ್ಲಿ, ಅವರ ಅಪ್ಪ ಅಮ್ಮಂದಿರ ಹತ್ರ ಆಗ್ಲಿ, ನೀವು ಒಬ್ರೇ ಇರುವಾಗ ಪ್ರಾರ್ಥನೆ ಹೇಗೆ ಮಾಡ್ತೀರಿ ಅಂತ ಕೇಳಿದ್ರೆ ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂತ್ಕೊಳ್ತೇನೆ, ಆದ್ರೆ ಎಂತ ಹೇಳುದಂತಲೇ ಗೊತ್ತಾಗುದಿಲ್ಲ" ಅಂತಾರೆ. ಕೆಲವರು "ಎರಡು ನಿಮಿಷ ಆದ್ಮೇಲೆ ಮಾತು ಖಾಲಿ" ಅಂತಾರೆ. ಇನ್ನು ಕೆಲವರಿಗೆ ತಾನು ಆ ಯೋಗ್ಯತೆಯವನೇ ಅಲ್ಲ ಅನ್ನುವ ಭಯ, ಅವರ ಬಗ್ಗೆ ನನಗೆ ಹೆಚ್ಚು ಬೇಜಾರು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಬರೀತೇನೆ.

ಯೇಸು ಈ ವಿಷಯ ಎತ್ತುದು ಮತ್ತಾಯನ ಸುವಾರ್ತೆ 6ನೇ ಅಧ್ಯಾಯದಲ್ಲಿ, ಪರ್ವತ ಪ್ರಸಂಗದ ನಡುವೆ. ಅಲ್ಲಿ ಅವನು ಮೂರು ವಿಷಯ ಒಂದರ ಹಿಂದೆ ಒಂದು ಹೇಳ್ತಾನೆ: ದಾನ, ಪ್ರಾರ್ಥನೆ, ಉಪವಾಸ. ಮೂರಕ್ಕೂ ಎಚ್ಚರಿಕೆ ಒಂದೇ, ಜನ ನೋಡ್ಲಿ ಅಂತ ಮಾಡ್ಬೇಡಿ. ಬೀದಿ ಮೂಲೆಯಲ್ಲಿ ನಿಂತು ಜನರಿಗೆ ಕಾಣುವ ಹಾಗೆ ಪ್ರಾರ್ಥನೆ ಮಾಡುವವರಿಗೆ ಬರಬೇಕಾದ ಫಲ ಆಗಲೇ ಬಂದಾಯ್ತು ಅಂತಾನೆ, ಅಂದ್ರೆ ಅವರಿಗೆ ಬೇಕಿದ್ದದ್ದು ಜನರ ಮೆಚ್ಚುಗೆ, ಅದು ಸಿಕ್ಕಿತು, ಲೆಕ್ಕ ಚುಕ್ತಾ. ನೀನಾದರೆ ಒಳಗಿನ ಕೋಣೆಗೆ ಹೋಗು, ಬಾಗಿಲು ಮುಚ್ಚಿಕೊ, ಗುಟ್ಟಿನಲ್ಲಿರುವ ನಿನ್ನ ತಂದೆಗೆ ಪ್ರಾರ್ಥನೆ ಮಾಡು. ಇಷ್ಟೇ ಅವನ ಮಾತು. ಒಟ್ಟಾಗಿ ಪ್ರಾರ್ಥನೆ ಮಾಡುದು ತಪ್ಪು ಅಂತ ಅವನು ಎಲ್ಲೂ ಹೇಳಿಲ್ಲ, ಅವನೇ ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗ್ತಿದ್ದವನು.

ಈ ಕೋಣೆ ಅಂದ್ರೆ ಎಂತದ್ದು ಅಂತ ಸ್ವಲ್ಪ ನೋಡ್ಬೇಕು, ಯಾಕಂದ್ರೆ "ನಮ್ಮದು ಚಿಕ್ಕ ಫ್ಲಾಟು, ಬೇರೆ ಪ್ರೇಯರ್ ರೂಮ್ ಎಲ್ಲಿಂದ ತರುದು" ಅಂತ ಹೇಳುವವರು ತುಂಬಾ ಜನ. ಅವತ್ತಿನ ಗಲಿಲಾಯದ ಹಳ್ಳಿ ಮನೆಗಳಲ್ಲಿ ಈಗಿನ ಹಾಗೆ ಒಬ್ಬೊಬ್ಬರಿಗೆ ಒಂದೊಂದು ರೂಮು ಇರ್ಲಿಲ್ಲ. ಅಡುಗೆ, ಊಟ, ನಿದ್ದೆ ಎಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಬಾಗಿಲು ಮುಚ್ಚಬಹುದಾದ ಒಳಕೋಣೆ ಅಂದ್ರೆ ಸಾಮಾನ್ಯವಾಗಿ ಧಾನ್ಯ, ಎಣ್ಣೆ ಇಡುವ ಉಗ್ರಾಣ. ಅಂದ್ರೆ ಯೇಸು ಹೇಳಿದ್ದು ಸ್ಟೋರ್ ರೂಮಿಗೆ ಹೋಗು ಅಂತಲೇ ಆಯ್ತು. ನನ್ನ ದೊಡ್ಡಮ್ಮ ಒಬ್ಬರು ಮೂಲ್ಕಿ ಕಡೆಯ ಹೆಂಚಿನ ಮನೆಯಲ್ಲಿ ಇದನ್ನು ಅಕ್ಷರಶಃ ಮಾಡ್ತಿದ್ದರು. ಕುಚ್ಚಲಕ್ಕಿ ಗೋಣಿ ಒಂದು ಬದಿ, ಮೂಲೆಯಲ್ಲಿ ತೆಂಗಿನಕಾಯಿ ರಾಶಿ, ಮೇಲೆ ಪಕ್ಕಾಸಿಗೆ ಬಾಳೆನಾರಿನಲ್ಲಿ ಕಟ್ಟಿ ನೇತು ಹಾಕಿದ ಮಂಗಳೂರು ಸೌತೆ, ನಡುವೆ ಒಂದು ಮಣೆ. ಮಧ್ಯಾಹ್ನದ ಊಟ ಆಗಿ ಪಾತ್ರೆ ತೊಳೆದಾದ ಮೇಲೆ ಒಳಗೆ ಹೋಗಿ ಬಾಗಿಲು ಎಳ್ಕೊಳ್ತಿದ್ದರು. ಬಾಗಿಲ ಸಂದಿಯಲ್ಲಿ ನಾವು ಮಕ್ಕಳು ಇಣುಕಿದ್ರೆ ಅವರು ಕೈಯನ್ನು ಮಡಿಲಲ್ಲಿಟ್ಟು ಕೂತಿರುದು ಕಾಣ್ತಿತ್ತು, ತುಂಬಾ ಹೊತ್ತು ತುಟಿಯೂ ಅಲ್ಲಾಡ್ತಿರ್ಲಿಲ್ಲ, ಆಮೇಲೆ ಮೆಲ್ಲ ಒಂದೊಂದೇ ಹೆಸರು ಕೇಳ್ತಿತ್ತು, ಮನೆಯವರದ್ದು, ಕೆಲಸಕ್ಕೆ ಬರುವವರದ್ದು, ಜಾಗದ ತಕರಾರು ಮಾಡಿದ ನೆರೆಮನೆಯವರದ್ದು ಕೂಡ. ಚರ್ಚಲ್ಲಿ ಅವರು ಎದ್ದು ನಿಂತು ಪ್ರಾರ್ಥನೆ ಮಾಡಿದ್ದನ್ನು ನಾನು ನೋಡಿದ್ದೇ ಇಲ್ಲ.

ಬಾಗಿಲು ಹಾಕುದು ಎಂತಕ್ಕೆ ಅಂದ್ರೆ ನೋಡುವವರು ಇರಬಾರದು ಅಂತ. ಇದು ಕೇಳ್ಲಿಕ್ಕೆ ಸುಲಭ. ಆದ್ರೆ ಬಾಗಿಲು ಹಾಕಿದ ಮೇಲೂ ಒಬ್ಬ ಪ್ರೇಕ್ಷಕ ಒಳಗೆ ಉಳೀತಾನೆ, ಅದು ನಾವೇ. ನಾನು ಎಷ್ಟು ಚಂದ ಪ್ರಾರ್ಥನೆ ಮಾಡ್ತಿದ್ದೇನೆ, ಇವತ್ತು ಮನಸ್ಸು ಎಷ್ಟು ಭಾರ ಆಯ್ತು, ಕಣ್ಣೀರು ಬಂತಾ ಇಲ್ವಾ ಅಂತ ನಮ್ಮನ್ನೇ ನಾವು ನೋಡ್ತಾ ಕೂರುದು. ಲೂಕನ ಸುವಾರ್ತೆ 18ನೇ ಅಧ್ಯಾಯದಲ್ಲಿ ಯೇಸು ಹೇಳುವ, ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಫರಿಸಾಯ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ) ಮತ್ತು ಸುಂಕದವನ ಕಥೆ ಇದರ ಬಗ್ಗೆಯೇ. ಸಂಡೇ ಸ್ಕೂಲಿನಿಂದ ಕೇಳಿ ಕೇಳಿ ನಮಗೆ ಫರಿಸಾಯ ಅಂದ್ರೆ ವಿಲನ್ ಅಂತ ಅಭ್ಯಾಸ ಆಗಿ ಹೋಗಿದೆ, ಆದ್ರೆ ಅವನು ಹೇಳಿದ್ದರಲ್ಲಿ ಸುಳ್ಳು ಉಂಟು ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ವಾರಕ್ಕೆ ಎರಡು ಸಲ ಉಪವಾಸ, ಎಲ್ಲ ಆದಾಯದಲ್ಲಿ ಹತ್ತರಲ್ಲಿ ಒಂದು ಪಾಲು, ಮೋಸ ಇಲ್ಲ, ವ್ಯಭಿಚಾರ ಇಲ್ಲ. ನಮ್ಮ ಯಾವ ಸಭೆಯಲ್ಲಿದ್ದರೂ ಅವನನ್ನು ಕಮಿಟಿಗೆ ಹಾಕ್ತಿದ್ದರು. ಅವನ ಪ್ರಾರ್ಥನೆಗೆ ಆದ ತೊಂದರೆ ಬೇರೆ: ಅದರಲ್ಲಿ ದೇವರಿಗೆ ಮಾಡ್ಲಿಕ್ಕೆ ಕೆಲಸವೇ ಇಲ್ಲ. ಅವನು ಎಂತದ್ದೂ ಕೇಳುದಿಲ್ಲ, ಅವನಿಗೆ ಎಂತದ್ದೂ ಬೇಕಾಗಿಲ್ಲ, ತನ್ನ ವರದಿ ಓದಿ ಮುಗಿಸ್ತಾನೆ, ನಡುವೆ ಪಕ್ಕದವನ ಕಡೆ ಒಂದು ಬೆರಳು ತೋರಿಸ್ತಾನೆ.

ಸುಂಕದವನೂ ಅಯ್ಯೋ ಪಾಪ ಅನ್ನಿಸುವ ಬಡವ ಅಲ್ಲ. ಪರರ ಸರಕಾರಕ್ಕೆ ತನ್ನ ಜನರಿಂದಲೇ ತೆರಿಗೆ ವಸೂಲಿ ಮಾಡಿ, ಅದರ ಮೇಲೆ ತನಗೂ ಕಿತ್ತುಕೊಳ್ಳುವವ ಅಂತ ಊರಿಗೆಲ್ಲ ಗೊತ್ತಿದ್ದ ಕಸುಬು ಅದು. ಅವನು ದೂರ ನಿಲ್ತಾನೆ, ಕಣ್ಣು ಮೇಲೆ ಎತ್ತುದಿಲ್ಲ, ಎದೆ ಬಡ್ಕೊಳ್ತಾನೆ, "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಅಂತಾನೆ. ಒಂದೇ ವಾಕ್ಯ. ತನ್ನ ತಪ್ಪಿನ ಉದ್ದ ಪಟ್ಟಿ ಇಲ್ಲ, ನಾಳೆಯಿಂದ ಹೀಗೆ ಇರ್ತೇನೆ ಅನ್ನುವ ಭರವಸೆ ಇಲ್ಲ. ನೀತಿವಂತ ಅನ್ನಿಸಿಕೊಂಡು ಮನೆಗೆ ಹೋದವ ಅವನೇ ಅಂತ ಯೇಸು ಹೇಳ್ತಾನೆ. ದೀನತೆ ಅಂದ್ರೆ ಇಲ್ಲಿ ಎಂತದ್ದು ಅಂತ ಗಮನಿಸಿ. ನಾನು ಎಂತಕ್ಕೂ ಆಗದವ, ನಾನು ಕಸ, ನಾನು ಹುಳ ಅಂತ ಅರ್ಧ ಗಂಟೆ ತನ್ನನ್ನು ತಾನು ಬೈಕೊಳ್ಳುದನ್ನು ಕೆಲವರು ದೀನತೆ ಅಂತ ತಿಳ್ಕೊಂಡಿದ್ದಾರೆ, ಆದ್ರೆ ಆ ಅರ್ಧ ಗಂಟೆಯೂ ನನ್ನ ಬಗ್ಗೆಯೇ ಆಯ್ತಲ್ಲ! ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡು ಕೈ ಚಾಚುದು, ಅಷ್ಟೇ ಸುಂಕದವ ಮಾಡಿದ್ದು.

ದೀನತೆಯ ವಿಷಯ ಬಂದಾಗ ನಮ್ಮೂರಿಗೆ ಸಂಬಂಧ ಪಟ್ಟ ಒಬ್ಬ ಸಂತಳನ್ನು ಬಿಟ್ಟು ಮುಂದೆ ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ, ನಾನು ಕಥೋಲಿಕ್ ಅಲ್ಲದಿದ್ದರೂ. ಮರಿಯಂ ಬವಾರ್ಡಿ, ಶಿಲುಬೆಗೇರಿದ ಯೇಸುವಿನ ಮರಿಯಾ ಅಂತ ಅವಳ ಮಠದ ಹೆಸರು. ಹುಟ್ಟಿದ್ದು 1846ರಲ್ಲಿ ಗಲಿಲಾಯದ ಇಬಿಲ್ಲಿನ್ ಅನ್ನುವ ಹಳ್ಳಿಯಲ್ಲಿ, ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು, ಮನೆಗೆಲಸ ಮಾಡಿ ಬದುಕಿದವಳು, ಓದು ಬರಹ ಹೆಚ್ಚು ಇಲ್ಲ. ಫ್ರಾನ್ಸಿನ ಪೋ ಊರಿನ ಕಾರ್ಮೆಲ್ ಮಠ (ಕಥೋಲಿಕ್ ಸನ್ಯಾಸಿನಿಯರ ಮಠ) ಸೇರಿ, 1870ರಲ್ಲಿ ಇಲ್ಲಿ ಮಠ ಕಟ್ಟಲಿಕ್ಕೆ ಹೊರಟ ಸಿಸ್ಟರ್‌ಗಳ ಜೊತೆ ಹಡಗು ಹತ್ತಿ ಮಂಗಳೂರಿಗೆ ಬಂದಳು. 1871ರ ನವೆಂಬರ್ 21ಕ್ಕೆ ಮಂಗಳೂರಿನಲ್ಲೇ ಅವಳ ವ್ರತಸ್ವೀಕಾರ. ಮರುವರ್ಷ ಅವಳ ಬಗ್ಗೆ ಮೇಲಿನವರಿಗೆ ಸಂಶಯ ಬಂದು ವಾಪಸು ಫ್ರಾನ್ಸಿಗೆ ಕಳಿಸಿದರು, ಅಲ್ಲಿಂದ ಮುಂದೆ ಬೆತ್ಲೆಹೇಮಿಗೆ ಹೋಗಿ 1878ರಲ್ಲಿ ಅಲ್ಲೇ ತೀರಿಕೊಂಡಳು. ತನ್ನನ್ನು ಅವಳು ಕರಕೊಳ್ತಿದ್ದದ್ದು ಏನೂ ಅಲ್ಲದ ಪುಟ್ಟವಳು ಅಂತ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳು ಅಂತ ಘೋಷಿಸಿದರು. ಅವಳ ದರ್ಶನಗಳ ಬಗ್ಗೆ ಜನ ತುಂಬಾ ಮಾತಾಡ್ತಾರೆ, ನನಗೆ ಮುಖ್ಯ ಅನ್ನಿಸುದು ಬೇರೆ. ಎಲ್ಲರೂ ಸಂಶಯದಿಂದ ನೋಡುವಾಗಲೂ ಅವಳು ಪ್ರಾರ್ಥನೆ ಬಿಡಲಿಲ್ಲ, ತನ್ನ ಹೆಸರು ಉಳಿಸಿಕೊಳ್ಳಬೇಕು ಅನ್ನುವ ಹಟ ಅವಳಿಗೆ ಇರ್ಲಿಲ್ಲ, ಹೆಸರು ಅನ್ನುವಂಥದ್ದು ತನಗೆ ಉಂಟು ಅಂತಲೇ ಅವಳು ಲೆಕ್ಕ ಹಾಕಿರ್ಲಿಲ್ಲ.

ಈಗ ಸ್ವಲ್ಪ ಕಷ್ಟದ ಭಾಗ. ದೇವರ ಹತ್ತಿರ ಹೋಗುದು ಅಂದ್ರೆ ಎಂತ? ದೇವರು ಎಲ್ಲ ಕಡೆ ಇದ್ದಾನೆ ಅಂತ ನಾವೇ ಹೇಳ್ತೇವೆ, ಹಾಗಾದ್ರೆ ಹತ್ತಿರ ದೂರ ಎಲ್ಲಿಂದ ಬಂತು. ಹಳೆ ಒಡಂಬಡಿಕೆಯ ಕಾಲದಲ್ಲಿ ಇದಕ್ಕೆ ಒಂದು ನಕ್ಷೆಯೇ ಇತ್ತು: ಯೆರೂಸಲೇಮಿನ ದೇವಾಲಯದ ಅತಿ ಒಳಗೆ ಅತಿಪರಿಶುದ್ಧ ಸ್ಥಳ, ಅದಕ್ಕೆ ಅಡ್ಡ ಒಂದು ದೊಡ್ಡ ಪರದೆ, ಅದರೊಳಗೆ ಮಹಾಯಾಜಕ ಒಬ್ಬನೇ, ಅವನೂ ವರ್ಷಕ್ಕೆ ಒಂದು ದಿನ, ದೋಷಪರಿಹಾರದ ದಿನ ಮಾತ್ರ, ರಕ್ತ ಹಿಡ್ಕೊಂಡು ಹೋಗ್ಬೇಕು. ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟಾಗ ಆ ಪರದೆ ಮೇಲಿನಿಂದ ಕೆಳಗಿನ ತನಕ ಹರಿದು ಎರಡು ಭಾಗ ಆಯ್ತು ಅಂತ ಮತ್ತಾಯ ಬರೀತಾನೆ. ಇಬ್ರಿಯರಿಗೆ ಬರೆದ ಪತ್ರಿಕೆ ಇದನ್ನೇ ಹಿಡ್ಕೊಂಡು, ಈಗ ದಾರಿ ತೆರೆದಿದೆ, ಕೃಪಾಸನದ ಹತ್ರ ಧೈರ್ಯದಿಂದ ಬನ್ನಿ ಅಂತ ಹೇಳುದು. ಹತ್ತಿರ ಬರ್ಲಿಕ್ಕೆ ನಾವು ಮೆಟ್ಟಿಲು ಕಟ್ಟಬೇಕಾಗಿಲ್ಲ, ಅದನ್ನು ಕ್ರಿಸ್ತನು ಮಾಡಿ ಮುಗಿಸಿದ್ದಾನೆ. ನಮ್ಮ ಯೋಗ್ಯತೆಯ ಪ್ರಶ್ನೆಯೇ ಅಲ್ಲಿ ಬರುದಿಲ್ಲ. "ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ" ಅಂತ ಹೊರಗೆ ನಿಂತವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ನನಗೆ ಗೊತ್ತಿಲ್ಲ. ಧೈರ್ಯ ಮತ್ತು ದೀನತೆ ಎರಡೂ ಒಟ್ಟಿಗೆ ಇರುದು ಹೀಗೆ: ತನ್ನ ಬಲದಿಂದ ಬಂದದ್ದಲ್ಲ ಅಂತ ಗೊತ್ತಿದ್ದವನಿಗೆ ತಲೆ ಎತ್ತುವ ಅಗತ್ಯ ಇಲ್ಲ, ಹೆದರುವ ಅಗತ್ಯವೂ ಇಲ್ಲ.

ಇನ್ನೊಂದು ಮಾತು ಪೌಲನದ್ದು, ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ. ನಾವು ಹೇಗೆ ಪ್ರಾರ್ಥನೆ ಮಾಡಬೇಕಂತ ನಮಗೆ ಗೊತ್ತಿಲ್ಲ, ಆದ್ರೆ ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನೇ ನಮಗೋಸ್ಕರ ಬೇಡ್ಕೊಳ್ತಾನೆ ಅಂತ. ಇದನ್ನು ಬರೆದವ ಪೌಲ! ಸಭೆ ಮೇಲೆ ಸಭೆ ಕಟ್ಟಿದ ಮನುಷ್ಯ, ಗೊತ್ತಿಲ್ಲ ಅಂತ ಹೇಳುವಾಗ ತನ್ನನ್ನೂ ಸೇರಿಸಿಕೊಂಡೇ ಹೇಳ್ತಾನೆ. ಹಾಗಾಗಿ ಮಾತು ಖಾಲಿ ಆಯ್ತು ಅಂದ್ರೆ ಪ್ರಾರ್ಥನೆ ನಿಂತಿತು ಅಂತ ಅರ್ಥ ಅಲ್ಲ. ತಂದೆಗೆ, ಮಗನ ಮೂಲಕ, ಆತ್ಮನ ಸಹಾಯದಿಂದ ಅಂತ ನಾವು ಬಾಯಿಪಾಠ ಹೇಳುದುಂಟಲ್ಲ, ಅದು ಬರೀ ಸಿದ್ಧಾಂತ ಅಲ್ಲ, ನಾವು ಕೋಣೆಯೊಳಗೆ ಸುಮ್ಮನೆ ಕೂತಾಗ ನಿಜವಾಗಿ ನಡೆಯುವ ಕೆಲಸ ಅದು, ನಾವು ಅದರೊಳಗೆ ಸೇರಿಕೊಳ್ಳುದು ಮಾತ್ರ.

ಸರಿ, ಕೂತ್ಕೊಂಡ ಮೇಲೆ ಮಾಡುದೆಂತ? ಮೊಬೈಲು ಬೇರೆ ಕೋಣೆಯಲ್ಲಿ ಇಡಿ, ಸೈಲೆಂಟ್ ಮಾಡಿ ಕಿಸೆಯಲ್ಲಿ ಇಟ್ರೆ ಸಾಕಾಗುದಿಲ್ಲ. ಬೈಬಲ್ ಆ್ಯಪ್ ಉಂಟಲ್ಲ ಅಂತ ಹೇಳ್ಬೇಡಿ, ಪುಸ್ತಕ ತಗೊಳ್ಳಿ. ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆಯನ್ನು ಮೆಲ್ಲ ದನಿಯಲ್ಲಿ ಓದಿ, ಅವಸರ ಬೇಡ, ಎಲ್ಲಾದರೂ ಒಂದು ಸಾಲು ಹಿಡಿದು ನಿಲ್ಲಿಸಿದ್ರೆ ಅಲ್ಲೇ ನಿಲ್ಲಿ. ನಿಮಗೆ ಮಾತು ಸಿಗದಿದ್ದರೆ ಅಲ್ಲಿ 150 ಕೀರ್ತನೆ ತುಂಬಾ ಮಾತು ಉಂಟು, ಯೇಸುವೇ ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಸಾಲನ್ನು ತನ್ನದಾಗಿ ಮಾಡ್ಕೊಂಡ. ಸಿಟ್ಟು ಇದ್ರೆ ಸಿಟ್ಟನ್ನೇ ಹೇಳಿ. ನಮ್ಮಲ್ಲಿ ದೇವರ ಹತ್ರ ದೂರು ಹೇಳಬಾರದು, ಬರೀ ಸ್ತೋತ್ರ ಹೇಳ್ಬೇಕು ಅಂತ ಒಂದು ಅಭ್ಯಾಸ ಬೆಳೆದಿದೆ, ಇದು ನನಗೆ ಸರಿ ಕಾಣುದಿಲ್ಲ. 13ನೇ ಕೀರ್ತನೆ ಶುರು ಆಗುದೇ "ಇನ್ನೆಷ್ಟರವರೆಗೆ" ಅನ್ನುವ ಪ್ರಶ್ನೆಯಿಂದ. 88ನೇ ಕೀರ್ತನೆ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗೀತದೆ, ಕೊನೆಗೆ ಒಂದು ಹಲ್ಲೆಲೂಯ ಕೂಡ ಇಲ್ಲ, ಆದ್ರೂ ಅದು ಬೈಬಲಿನಲ್ಲಿ ಉಂಟು. ಮಗಳ ಮದುವೆ ಮುರಿದು ಬಿದ್ದ ದಿನ, ಗಲ್ಫಿನಲ್ಲಿ ಗಂಡನ ಕೆಲಸ ಹೋದ ದಿನ, "ಎಲ್ಲವೂ ಒಳ್ಳೇದೇ ಕರ್ತನೇ" ಅಂತ ಬಾಯಿಗೆ ಬಾರದ ಮಾತು ಹೇಳುದಕ್ಕಿಂತ ಆ ಕೀರ್ತನೆ ಓದುದು ಹೆಚ್ಚು ಪ್ರಾಮಾಣಿಕ.

ಹನ್ನಳ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು, ಸಮುವೇಲನ ಮೊದಲನೇ ಪುಸ್ತಕ ಮೊದಲನೇ ಅಧ್ಯಾಯ. ಮಕ್ಕಳಿಲ್ಲ, ಸವತಿ ವರ್ಷ ವರ್ಷ ಚುಚ್ಚುತ್ತಾಳೆ, ಶೀಲೋವಿಗೆ ಹಬ್ಬಕ್ಕೆ ಹೋದಾಗ ಊಟವೂ ಇಳಿಯದೆ ಅಳ್ತಾ ಪ್ರಾರ್ಥನೆ ಮಾಡ್ತಾಳೆ. ತುಟಿ ಮಾತ್ರ ಅಲ್ಲಾಡ್ತದೆ, ಸ್ವರ ಇಲ್ಲ. ಯಾಜಕ ಏಲಿ ದೂರದಿಂದ ನೋಡಿ ಇವಳು ಕುಡಿದು ಬಂದಿದ್ದಾಳೆ ಅಂತ ತಿಳ್ಕೊಳ್ತಾನೆ, ಗದರಿಸ್ತಾನೂ ಕೂಡ. ಅವಳು ಜಗಳ ಮಾಡುದಿಲ್ಲ, ಕುಡಿದದ್ದಲ್ಲ ಸ್ವಾಮಿ, ನನ್ನ ಮನಸ್ಸನ್ನು ಕರ್ತನ ಮುಂದೆ ಹೊಯ್ಕೊಳ್ತಿದ್ದೇನೆ ಅಂತಾಳೆ. ಪ್ರಾರ್ಥನೆಯನ್ನೇ ಕಸುಬು ಮಾಡಿಕೊಂಡಿದ್ದ ಏಲಿಗೆ ಕಣ್ಣೆದುರೇ ನಡೀತಿದ್ದ ಪ್ರಾರ್ಥನೆ ಕಾಣಲಿಲ್ಲ. ಹೊರಗಿನಿಂದ ನೋಡಿ ಯಾರ ಪ್ರಾರ್ಥನೆಯನ್ನೂ ಅಳೀಲಿಕ್ಕೆ ಆಗುದಿಲ್ಲ, ಸಭೆಯ ಹಿರಿಯರಿಗೂ ಆಗುದಿಲ್ಲ. ನಾವು ತೂಕಡಿಕೆ ಅಂತ ತಿಳ್ಕೊಂಡಿದ್ದು ದೊಡ್ಡಮ್ಮನ ಪ್ರಾರ್ಥನೆ ಆಗಿತ್ತು.

ಪಾಪ ಒಪ್ಪಿಕೊಳ್ಳುವಾಗ ಹೆಸರು ಹಿಡಿದು ಹೇಳಿ. "ತಿಳಿದೂ ತಿಳಿಯದೆಯೂ ಮಾಡಿದ ಎಲ್ಲ ಪಾಪ" ಅಂತ ಒಟ್ಟಾರೆ ಹೇಳುದು ಚರ್ಚಲ್ಲಿ ಸರಿ, ಒಳಕೋಣೆಯಲ್ಲಿ ಇವತ್ತು ಕಸ ಗುಡಿಸುವವಳಿಗೆ ನಾನು ಹೇಳಿದ ಆ ಮಾತು, ಅಣ್ಣನ ಜಾಗದ ವಿಷಯದಲ್ಲಿ ನಾನು ಮುಚ್ಚಿಟ್ಟ ಆ ಕಾಗದ ಅಂತ ಬರ್ಬೇಕು. ಅದೇ ಮಾತು ಮತ್ತೆ ಮತ್ತೆ ಬಂದ್ರೆ ಗಾಬರಿ ಬೇಡ. ಅಜ್ಞಾನಿಗಳ ಹಾಗೆ ಸುಮ್ಮನೆ ಹೇಳಿದ್ದನ್ನೇ ಹೇಳ್ಬೇಡಿ ಅಂತ ಯೇಸು ಎಚ್ಚರಿಸಿದ್ದು ಹೌದು, ಆದ್ರೆ ಗೆತ್ಸೇಮನೆ ತೋಟದಲ್ಲಿ ಅವನೇ ಮೂರನೇ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ ಅಂತ ಮತ್ತಾಯ ಬರೀತಾನೆ. ಮಾತು ಜಾಸ್ತಿ ಹಾಕಿ ದೇವರನ್ನು ಒಪ್ಪಿಸ್ತೇನೆ ಅನ್ನುವ ಲೆಕ್ಕಾಚಾರ ಬೇರೆ, ಬೇರೆ ಮಾತೇ ಬಾರದೆ ಅದನ್ನೇ ಹೇಳುದು ಬೇರೆ. ಆ ರಾತ್ರಿ ಅವನ ಹತ್ತಿರದ ಮೂವರು ಶಿಷ್ಯರು ನಿದ್ದೆ ಮಾಡಿದ್ದರು, ನಿಮಗೆ ನಿದ್ದೆ ಬಂದ್ರೆ ನೀವು ಮೊದಲಿಗರಲ್ಲ. ಎದ್ದು ನಿಂತು ಮುಂದುವರಿಸಿ.

ಎಷ್ಟು ಹೊತ್ತು ಅಂತ ಎಲ್ಲರೂ ಕೇಳ್ತಾರೆ. ಹತ್ತು ನಿಮಿಷ ಸಾಕು ಶುರುವಿಗೆ, ಆದ್ರೆ ದಿನಾ. ಯೇಸು ಇನ್ನೂ ಕತ್ತಲಿರುವಾಗ ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡ್ತಿದ್ದ ಅಂತ ಮಾರ್ಕ 1:35ರಲ್ಲಿ ಉಂಟು, ಅದು ಹಿಂದಿನ ಸಂಜೆ ಊರಿನ ರೋಗಿಗಳೆಲ್ಲ ಬಾಗಿಲಲ್ಲಿ ಬಂದು ನಿಂತಿದ್ದ ದಿನದ ಮರುದಿನ. ಬಿಡುವಾದಾಗ ಮಾಡಿದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಶನರಿಗಳು) ಹಿನ್ನೆಲೆಯೇ ಅಂಥದ್ದು, ಪ್ರತಿಯೊಬ್ಬ ವಿಶ್ವಾಸಿಯೂ ತಾನೇ ಬೈಬಲ್ ಓದ್ಬೇಕು, ತಾನೇ ಏಕಾಂತದಲ್ಲಿ ಪ್ರಾರ್ಥಿಸ್ಬೇಕು ಅನ್ನುವ ಪಂಗಡ ಅವರದ್ದು. ಮಲ್ಪೆಯಲ್ಲಿ ಬೋಟಿಗೆ ಹೋಗುವವರಿಗೆ, ನೈಟ್ ಶಿಫ್ಟಿನ ನರ್ಸ್‌ಗಳಿಗೆ ಬೆಳಗಿನ ಹೊತ್ತು ಆಗದಿದ್ದರೆ ಆಗುವ ಹೊತ್ತು ಹಿಡಿದರಾಯ್ತು. 17ನೇ ಶತಮಾನದಲ್ಲಿ ಪ್ಯಾರಿಸಿನ ಒಂದು ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ಕೆಲಸ ಮಾಡ್ತಿದ್ದ ಬ್ರದರ್ ಲಾರೆನ್ಸ್ ಪಾತ್ರೆಗಳ ಗಲಾಟೆ ನಡುವೆಯೂ ದೇವರ ಸನ್ನಿಧಿಯಲ್ಲಿ ಇರ್ಲಿಕ್ಕೆ ಅಭ್ಯಾಸ ಮಾಡ್ಕೊಂಡಿದ್ದ.

ಮತ್ತೆ, ಒಣ ದಿನಗಳು ಬಂದೇ ಬರ್ತವೆ. ಇದನ್ನು ಯಾರೂ ಮೊದಲೇ ಹೇಳುದಿಲ್ಲ, ಅದಕ್ಕೇ ಜನ ಬಿಟ್ಟು ಬಿಡ್ತಾರೆ. ರಿಟ್ರೀಟ್‌ಗೆ ಹೋಗಿ ಬಂದ ವಾರ ಎಲ್ಲ ಚಂದ, ಕಣ್ಣೀರು, ಸಮಾಧಾನ, ಆಮೇಲೆ ಕೂತ್ರೆ ಗೋಡೆ. ದೇವರು ದೂರ ಹೋದ, ನನ್ನದೇನೋ ತಪ್ಪು ಅಂತ ಅನ್ನಿಸ್ತದೆ. 16ನೇ ಶತಮಾನದ ಸ್ಪೇನಿನ ಆವಿಲದ ತೆರೇಸಾ, ಪ್ರಾರ್ಥನೆಯ ಬಗ್ಗೆ ಇಡೀ ಕಥೋಲಿಕ್ ಸಭೆಗೆ ಗುರು ಅನ್ನಿಸಿಕೊಂಡವಳು, ಕೆಲವು ವರ್ಷ ತನಗೆ ಪ್ರಾರ್ಥನೆಯ ಗಂಟೆ ಯಾವಾಗ ಮುಗೀತದೆ ಅಂತ ಗಡಿಯಾರದ ಶಬ್ದಕ್ಕೇ ಕಿವಿ ಇರ್ತಿತ್ತು ಅಂತ ತಾನೇ ಬರೆದಿದ್ದಾಳೆ. ಅವಳು ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಕುದಕ್ಕೆ ಹೋಲಿಸ್ತಾಳೆ: ಶುರುವಿನಲ್ಲಿ ಬಾವಿಯಿಂದ ಸೇದಿ ಸೇದಿ ಹಾಕ್ಬೇಕು, ಆಮೇಲೆ ರಾಟೆ, ಆಮೇಲೆ ತೋಡಿನ ನೀರು, ಕೊನೆಗೆ ಮಳೆ, ಮಳೆಯಲ್ಲಿ ತೋಟದವನ ಕೆಲಸವೇ ಇಲ್ಲ. ಎಪ್ರಿಲ್ ಮೇ ತಿಂಗಳಲ್ಲಿ ಬಾವಿಗೆ ಕೊಡಪಾನ ಇಳಿಸಿ ತಳಕ್ಕೆ ಬಡಿದ ಶಬ್ದ ಕೇಳಿದ ನಮ್ಮೂರಿನವರಿಗೆ ಇದು ಬೇಗ ಅರ್ಥ ಆಗ್ತದೆ. ಬಾವಿಯೇ ಬತ್ತಿದ್ರೆ? ಆಗಲೂ ತೋಟದವ ತನ್ನ ಪಾಲಿನದ್ದು ಮಾಡ್ಲಿ, ನೀರಿಲ್ಲದೆಯೂ ಗಿಡ ಉಳಿಸ್ಲಿಕ್ಕೆ ಯಜಮಾನನಿಗೆ ಗೊತ್ತುಂಟು ಅಂತಾಳೆ ಅವಳು. ಪ್ರಾರ್ಥನೆಯಲ್ಲಿ ಎಂತ ಅನ್ನಿಸಿತು ಅಂತ ನೋಡಿ ದೇವರ ದೂರವನ್ನು ಅಳೆಯಬಾರದು. ದೇವರ ಹತ್ತಿರಕ್ಕೆ ಬನ್ನಿ, ಆಗ ಆತನು ನಿಮ್ಮ ಹತ್ತಿರಕ್ಕೆ ಬರುವನು ಅಂತ ಯಾಕೋಬನು ಬರೆದದ್ದು, ಆಗ ನಿಮಗೆ ಹಾಗೆ ಅನ್ನಿಸ್ತದೆ ಅಂತ ಬರೆದಿಲ್ಲ. ಒಂದು ಮಾತು ಮಾತ್ರ: ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುದಿಲ್ಲ, ಬದುಕುದೇ ಬೇಡ ಅನ್ನಿಸ್ತಾ ಉಂಟು ಅಂತಾದ್ರೆ ಅದನ್ನು ಆತ್ಮಿಕ ಒಣಗು ಅಂತ ಹೇಳಿ ಸುಮ್ಮನಿರ್ಬೇಡಿ, ಡಾಕ್ಟರಿಗೆ ತೋರಿಸಿ, ಮನೆಯವರಿಗೆ ಹೇಳಿ. ಪ್ರಾರ್ಥನೆ ಅದರ ಒಟ್ಟಿಗೇ ನಡೀಲಿ.

ಬಾಗಿಲು ಹಾಕಿದ ಕೋಣೆಯಲ್ಲಿ ಹೇಳ್ಲಿಕ್ಕೆ ಯೇಸು ಕೊಟ್ಟ ಪ್ರಾರ್ಥನೆಯಲ್ಲಿ "ನನ್ನ ತಂದೆ" ಅಂತ ಇಲ್ಲ, "ನಮ್ಮ ತಂದೆ" ಅಂತ ಉಂಟು. ನನ್ನ ರೊಟ್ಟಿ ಅಲ್ಲ, ನಮ್ಮ ರೊಟ್ಟಿ. ಒಬ್ಬರೇ ಕೂತಿದ್ದರೂ ಬೇರೆಯವರನ್ನು ಹೊರಗೆ ಬಿಟ್ಟು ಬರ್ಲಿಕ್ಕಿಲ್ಲ, ಆ ಪ್ರಾರ್ಥನೆ ಮುಗಿದ ಕೂಡ್ಲೆ ಮತ್ತಾಯನಲ್ಲಿ ಬರುವ ಮಾತೇ ನೀವು ಬೇರೆಯವರನ್ನು ಕ್ಷಮಿಸದಿದ್ದರೆ ನಿಮಗೂ ಕ್ಷಮೆ ಇಲ್ಲ ಅನ್ನುದು. ಹೆಸರು ಹಿಡಿದು ಬೇರೆಯವರಿಗಾಗಿ ಪ್ರಾರ್ಥಿಸ್ತಾ ಇದ್ರೆ ಅವರ ಮೇಲಿನ ಸಿಟ್ಟು ಉಳಿಸ್ಕೊಳ್ಳುದು ಕಷ್ಟ ಆಗ್ತದೆ, ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ, ದೊಡ್ಡಮ್ಮ ಆ ನೆರೆಮನೆಯವರ ಮಗಳ ಬಾಣಂತನಕ್ಕೆ ಸಾರಿನ ಪುಡಿ ಮಾಡಿ ಕಳಿಸಿದ್ದರು.

ಈ ಹೆಸರುಗಳ ವಿಷಯದಲ್ಲಿ ಈಗ ಒಂದು ತೊಂದರೆ ಉಂಟು, ಅದನ್ನು ಹೇಳಲೇಬೇಕು. ಪ್ರೇಯರ್ ರಿಕ್ವೆಸ್ಟ್ ಅಂತ ಹೇಳಿ ವಾಟ್ಸಾಪ್ ಗ್ರೂಪಿಗೆ ಹಾಕುದು ತುಂಬಾ ಜಾಸ್ತಿ ಆಗಿದೆ. ಇಂಥವರ ಮನೆಯ ಹುಡುಗಿಗೆ ಹೀಗಾಯ್ತಂತೆ, ಇಂಥವರಿಗೆ ಬಯಾಪ್ಸಿ ರಿಪೋರ್ಟ್ ಬಂತಂತೆ, ಪ್ರಾರ್ಥನೆ ಮಾಡಿ ಅಂತ. ಸಾಯಂಕಾಲದೊಳಗೆ ಬೆಂದೂರಿನಿಂದ ಕಲ್ಯಾಣಪುರದ ತನಕ ಎಲ್ಲರಿಗೂ ಗೊತ್ತು, ಆ ಮನೆಯವರಿಗೆ ಮಾತ್ರ ತಮ್ಮ ವಿಷಯ ಹೊರಗೆ ಹೋದದ್ದು ಗೊತ್ತಿಲ್ಲ. ಮನಸ್ಸು ಒಳ್ಳೇದೇ ಇರ್ಬಹುದು. ಆದ್ರೂ ಒಬ್ಬರು ನಿಮ್ಮ ಹತ್ರ ಕಷ್ಟ ಹೇಳ್ಕೊಂಡ್ರೆ ಗ್ರೂಪಿಗೆ ಹಾಕ್ಬಹುದಾ ಅಂತ ಅವರನ್ನೇ ಮೊದಲು ಕೇಳಿ. ಬೇಡ ಅಂದ್ರೆ ಅದನ್ನು ನಿಮ್ಮ ಕೋಣೆಗೆ ಮಾತ್ರ ತಗೊಂಡು ಹೋಗಿ, ಅವರು ಗುಣ ಆಗಿ ತಾವಾಗಿ ಹೇಳುವ ತನಕ ನಿಮ್ಮ ಮನೆಯವರಿಗೂ ಹೇಳ್ಬೇಡಿ.